ಮುಗಿಯದ ಕೆಲಸಕ್ಕೆ ಗುತ್ತಿಗೆ ಯಾತಕ್ಕೆ?

ಗುತ್ತಿಗೆ ಅನ್ನೋ ಮಾತು ನಮ್ಮ ಸೀಮೆಗೆ ಹೊಸದಲ್ಲ. ತೆಂಗಿನಕಾಯಿ ಕೀಳೋರು ಮರಕ್ಕಿಷ್ಟು ಅಂತಾರೆ, ಸುಲಿಯೋರು ಸಾವಿರಕ್ಕಿಷ್ಟು ಅಂತಾರೆ. ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಕೂತ ಕಾಯಿ ಇಳಿಸಿ, ಸುಲಿದು, ಚಿಪ್ಪು ಒಡೆದು, ಉಂಡೆ ಕೊಬ್ಬರಿ ಚೀಲಕ್ಕೆ ತುಂಬೋವರೆಗೂ ಎಲ್ಲಾ ಗುತ್ತಿಗೆ ಲೆಕ್ಕಾನೇ. ಕೆಲಸ ಮುಗೀತು, ದುಡ್ಡು ಎಣಿಸ್ಕೊಂಡ್ರು, ಎಲೆ ಅಡಿಕೆ ಹಾಕ್ಕೊಂಡ್ರು, ಮುಂದಿನ ತೋಟಕ್ಕೆ ಹೋದ್ರು. ರೇಟು ಹೇಳೋರೂ ಅವರೇ, ನಾವಲ್ಲ. "ಇಷ್ಟು ಕೊಟ್ರೆ ಬತ್ತೀವಿ, ಇಲ್ದಿದ್ರೆ ಬೇರೆಯೋರ್ನ ನೋಡ್ಕಳವ್ವ" ಅಂತ ಮುಖಕ್ಕೇ ಹೇಳ್ತಾರೆ. ಅದರಲ್ಲಿ ಒಂದು ಮರ್ಯಾದೆ ಐತೆ.

ಈಗ ಆಫೀಸು, ಸ್ಕೂಲು, ಆಸ್ಪತ್ರೆ, ಫ್ಯಾಕ್ಟರಿ ಒಳಗೆ ಗುತ್ತಿಗೆ ಅಂತಾರಲ್ಲ, ಅದು ಇದಲ್ಲ. ಆಸ್ಪತ್ರೇಲಿ ನೆಲ ಒರೆಸೋ ಕೆಲಸ ಯಾವತ್ತು ಮುಗೀತದೆ? ಸ್ಕೂಲಲ್ಲಿ ಮಕ್ಕಳಿಗೆ ಮಗ್ಗಿ ಹೇಳ್ಕೊಡೋದು ಯಾವ ವರ್ಷಕ್ಕೆ ಸಾಕಾಗ್ತದೆ? ಆಫೀಸಲ್ಲಿ ಅರ್ಜಿ ಕಂಪ್ಯೂಟರಿಗೆ ಹಾಕೋದು ನಿಂತೋಗ್ತದಾ? ಕೆಲಸ ಖಾಯಮ್ಮು, ಕೆಲಸ ಮಾಡೋರು ಮಾತ್ರ ಟೆಂಪೊರರಿ. ಇದನ್ನ ಗುತ್ತಿಗೆ ಅಂತ ಕರೆಯೋದು ಕಾಯಿ ಸುಲಿಯೋರಿಗೆ ಮಾಡೋ ಅವಮಾನ ಅಂತೀನಿ ನಾನು.

ಇದನ್ನ ಈಗ ಯಾಕೆ ಬರೀತಿದೀನಿ ಅಂದ್ರೆ, ನಮ್ಮ ಹೆಂಗಸರ ಬಾಯಲ್ಲೇ ಎರಡು ಮಾತು ಕೇಳಿ ಕೇಳಿ ಸಾಕಾಗೈತೆ. ನಾಮಕರಣಕ್ಕೋ ಗೃಹಪ್ರವೇಶಕ್ಕೋ ಹೋದ್ರೆ, ಊಟದ ಪಂಕ್ತೀಲಿ ಕೂತ್ಕೊಂಡು, "ಕಂಟ್ರಾಕ್ಟಾದ್ರೇನಂತೆ ಬಿಡಕ್ಕ, ತಿಂಗಳಾದ್ರೆ ಸಂಬಳ ಬರಲ್ವ? ಫ್ಯಾನ್ ಕೆಳಗೆ ಕೂತು ಮಾಡೋ ಕೆಲಸ" ಅಂತಾರೆ. ಅದೇ ಬಾಯಿ, ಕೈ ತೊಳೆದು ಹೊರಗೆ ಬರೋದ್ರೊಳಗೆ, "ಹುಡುಗ ಪರ್ಮನೆಂಟಲ್ವಂತೆ, ನಮ್ಮ ಹುಡುಗೀನ ಹೆಂಗೆ ಕೊಡೋದು" ಅಂತದೆ. ಒಂದು ತೀರ್ಮಾನಕ್ಕೆ ಬನ್ನಿ ತಾಯಿ. ಸಂಬಳ ಬರೋದೇ ಸಾಕು ಅನ್ನೋದಾದ್ರೆ ಹೆಣ್ಣು ಕೊಡಿ. ಸಾಲದು ಅನ್ನೋದಾದ್ರೆ, ಸಾಲದು ಅಂತ ಜೋರಾಗಿ ಹೇಳಿ, ಹುಡುಗನ ಬೆನ್ನ ಹಿಂದೆ ಅಲ್ಲ.

ನಮ್ಮನೆ ಲೆಕ್ಕಾನೇ ಬಿಚ್ಚಿಡ್ತೀನಿ. ದೊಡ್ಡ ಮಗ ಒಂಬತ್ತು ವರ್ಷದಿಂದ ಒಂದು ಆಫೀಸಲ್ಲಿ ಕಂಪ್ಯೂಟರ್ ಆಪರೇಟರು. ಆಫೀಸಿನ ಹೆಸರು ಬೇಡ, ಅವನ ಅನ್ನಕ್ಕೆ ನಾನೇ ಯಾಕೆ ಕಲ್ಲು ಹಾಕ್ಲಿ. ಸಂಬಳ 16,000. ಅದರಲ್ಲಿ ಪಿಎಫ್ 1,800 ಹೋಗ್ತದೆ, ಇಎಸ್‌ಐಗೆ ಮುಕ್ಕಾಲು ಪರ್ಸೆಂಟು ಅಂದ್ರೆ 120 ಹೋಗ್ತದೆ. ಕೈಗೆ 14,080. ಪಕ್ಕದ ಮೇಜಲ್ಲಿ ಕೂತೋರು ಅದೇ ವರ್ಷ ಪರೀಕ್ಷೆ ಬರೆದು ಬಂದ ದ್ವಿತೀಯ ದರ್ಜೆ ಸಹಾಯಕರು. ಅವರಿಗೆ ಮೂಲ ವೇತನವೇ ಮೂವತ್ತೈದು ಸಾವಿರದ ಮೇಲೆ, ಅದರ ಮೇಲೆ ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆ. ಏಳನೇ ವೇತನ ಆಯೋಗದ್ದು 2024ರ ಆಗಸ್ಟ್ 1ರಿಂದ ಜಾರಿ ಆದ್ಮೇಲೆ ಸರ್ಕಾರಿ ಕೆಲಸದಲ್ಲಿ ತೀರಾ ಕೆಳಗಿನ ಹುದ್ದೆಗೂ ಮೂಲ ವೇತನ 27,000 ಆಗೈತೆ. ಆಫೀಸಿಗೆ ಟೀ ತರೋ ಖಾಯಂ ಅಟೆಂಡರು, ಅವರಿಗೆ ಒಳ್ಳೇದಾಗ್ಲಿ, ಡಿಗ್ರಿ ಮಾಡಿದ ನನ್ನ ಮಗನಿಗಿಂತ ಎರಡು ಪಾಲು ತಗೋತಾರೆ. ಅವರದ್ದು ಜಾಸ್ತಿ ಅಂತ ನಾನು ಹೇಳ್ತಿಲ್ಲ. ಈಗಿನ ಕಾಲಕ್ಕೆ ಒಂದು ಸಂಸಾರ ನಡೆಸೋಕೆ ಬೇಕಾಗೋದೇ ಅಷ್ಟು. ನನ್ನ ಮಗನದ್ದು ಕಮ್ಮಿ ಅಂತ ಹೇಳ್ತಿದೀನಿ.

ಸಂಬಳದ ಅಂಕಿ ಒಂದೇ ಆಗಿದ್ರೆ ಹೆಂಗೋ ಸಹಿಸ್ಕೋಬಹುದಿತ್ತು. ಒಂಬತ್ತು ವರ್ಷದಲ್ಲಿ ಏಜೆನ್ಸಿ ಮೂರು ಸಲ ಬದಲಾಯ್ತು. ಪ್ರತಿ ಸಲ ಟೆಂಡರ್ ಆದಾಗ್ಲೂ ಅವನು ಹೊಸಬ. ಅದೇ ಕುರ್ಚಿ, ಅದೇ ಕೀಬೋರ್ಡು, ಹೊಸಾ ಆರ್ಡರು. ಗ್ರಾಚ್ಯುಟಿ ಕಾಯ್ದೆ ಬಂದಿದ್ದು 1972ರಲ್ಲಿ. ಐದು ವರ್ಷ ಒಂದು ಕಡೆ ದುಡಿದೋರಿಗೆ ವರ್ಷಕ್ಕೆ ಹದಿನೈದು ದಿನದ ಸಂಬಳದ ಲೆಕ್ಕದಲ್ಲಿ ಕೊಡ್ಬೇಕು, ತಿಂಗಳು ಅಂದ್ರೆ 26 ದಿನ ಅಂತ ಹಿಡ್ಕೊಂಡು. ಒಂಬತ್ತು ವರ್ಷಕ್ಕೆ 16,000ದ ಲೆಕ್ಕ ಹಾಕಿದ್ರೆ ಸುಮಾರು 83 ಸಾವಿರ ಆಗ್ತದೆ. ನಾನೇ ಕ್ಯಾಲೆಂಡರ್ ಹಿಂದೆ ಬರೆದು ಲೆಕ್ಕ ಹಾಕಿದ್ದು. ಆದ್ರೆ ಯಾರನ್ನ ಕೇಳೋದು? ಮೊದಲನೇ ಏಜೆನ್ಸಿಯೋರು "ನಮ್ಮ ಹತ್ರ ಮೂರೇ ವರ್ಷ ಇದ್ದಿದ್ದು" ಅಂತಾರೆ, ಎರಡನೆಯೋರೂ ಅದನ್ನೇ ಅಂತಾರೆ, ಮೂರನೆಯೋರಿಗೆ ಇನ್ನೂ ಐದು ಆಗಿಲ್ಲ. ಆಫೀಸಿನೋರು "ಅವನು ನಮ್ಮ ನೌಕರನೇ ಅಲ್ಲ" ಅಂತಾರೆ. ದಿನಾ ಬೆಳಿಗ್ಗೆ ಹತ್ತಕ್ಕೆ ಐದು ನಿಮಿಷ ತಡ ಆದ್ರೆ ಬಯ್ಯೋವಾಗ ಮಾತ್ರ ಅವನು ಅವರ ನೌಕರ.

ಪಿಎಫ್‌ದು ಇನ್ನೊಂದು ಕಥೆ. ಸಂಬಳದಲ್ಲಿ ತಿಂಗಳು ತಿಂಗಳು ಹಿಡಿದಿದ್ರು. ಒಂದಿನ ಫೋನಲ್ಲಿ ಪಾಸ್‌ಬುಕ್ ತೆಗೆಸಿ ನೋಡಿದ್ರೆ ಏಳು ತಿಂಗಳದ್ದು ಕಟ್ಟೇ ಇಲ್ಲ. ಅವನ ಪಾಲೇ 12,600, ಅವರು ಹಾಕಬೇಕಾದ್ದೂ ಅಷ್ಟೇ. ಪಿಎಫ್‌ನೋರಿಗೆ ಆನ್‌ಲೈನಲ್ಲಿ ದೂರು ಕೊಟ್ಟ ಮೇಲೆ ಕಟ್ಟಿದ್ರು, ಅದೂ ಎರಡು ಸಲ ಮೇಲೆ ಬಿದ್ದು ಕೇಳಿದ್ಮೇಲೆ.

ಹೋಗ್ಲಿ, 14,080 ರೂಪಾಯೀಲಿ ಹಾಸನದಲ್ಲಿ ಒಬ್ಬ ಗಂಡಾಳು, ಅವನ ಹೆಂಡ್ತಿ, ಒಂದು ಮಗು ಹೆಂಗೆ ಬದುಕ್ತಾವ್ರೆ? ನಾನು ಹೇಳ್ತೀನಿ ಕೇಳಿ. ರಾಗಿ ಇಲ್ಲಿಂದ ಹೋಗ್ತದೆ. ಕಾಯಿ ಇಲ್ಲಿಂದ. ಅವರೆಕಾಳು, ಹುಣಸೆಹಣ್ಣು, ಸಾಂಬಾರ್ ಪುಡಿ, ತುಪ್ಪ ಎಲ್ಲಾ ನಮ್ಮನೆಯಿಂದ ಚೀಲ ಕಟ್ಟಿ, ಹ್ಯಾಂಡ್‌ಪೋಸ್ಟಿಗೆ ತಂದು ಬಸ್ಸಿಗೆ ಹಾಕೋದು. ಮಗೂಗೆ ಹುಷಾರಿಲ್ಲ ಅಂದ್ರೆ ನಾನು ಹೋಗಿ ಕೂರ್ತೀನಿ, ಇಲ್ದಿದ್ರೆ ಸೊಸೆ ಮನೇಲಿ ಮಾಡೋ ಹೊಲಿಗೆ ನಿಲ್ತದೆ. ಮೂರು ತಿಂಗಳು "ಗ್ರಾಂಟ್ ಬಂದಿಲ್ಲ" ಅಂತ ಸಂಬಳ ತಡೆದಾಗ ನನ್ನ ಎರಡು ಬಳೆ ಬ್ಯಾಂಕಿಗೆ ಹೋದ್ವು. ಅದರ ಬಡ್ಡಿ ಯಾರು ಕಟ್ಟಿದ್ದು? ಆಫೀಸಲ್ಲ, ಏಜೆನ್ಸಿಯಲ್ಲ.

ಅಂದ್ರೆ ಖಾಯಂ ಸಂಬಳಕ್ಕೂ ಕಂಟ್ರಾಕ್ಟ್ ಸಂಬಳಕ್ಕೂ ನಡುವೆ ಇರೋ ವ್ಯತ್ಯಾಸ ಎಲ್ಲೂ ಮಾಯ ಆಗಲ್ಲ ಕಣ್ರೀ. ಅದನ್ನ ಮನೆಯೋರು ತುಂಬ್ತಾರೆ. ಮನೆಯೋರು ಅಂದ್ರೆ ಮುಕ್ಕಾಲು ಪಾಲು ನಾವು, ಹೆಂಗಸರು. ಸರ್ಕಾರ ದುಡ್ಡು ಉಳಿಸ್ತು ಅಂತಾರಲ್ಲ, ಅದು ಉಳಿಸಿದ್ದಲ್ಲ, ನಮ್ಮ ಅಡುಗೆಮನೆ ಡಬ್ಬದಿಂದ ತೆಗೆದಿದ್ದು. ಹೊಲ ಇಲ್ದೋರು, ತವರಿಲ್ದೋರು ಏನು ಮಾಡ್ಬೇಕು ಅಂತ ಯೋಚನೆ ಮಾಡಿ. ಅವರು ಸಂಘದಲ್ಲಿ ಸಾಲ ತಗೊಂಡು ವಾರ ವಾರ ಕಂತು ಕಟ್ತಾವ್ರೆ.

ಉಳಿಸ್ತಾರೆ ಅನ್ನೋದೂ ಪೂರ್ತಿ ನಿಜ ಅಲ್ಲ. ಮಗನ ಸಂಬಳದ ಮೇಲೆ ಮಾಲೀಕರ ಪಿಎಫ್ ಪಾಲು, ಇಎಸ್‌ಐದು ಮೂರೂಕಾಲು ಪರ್ಸೆಂಟು, ಏಜೆನ್ಸಿ ಕಮಿಷನ್ನು, ಜನ ಒದಗಿಸೋ ಸೇವೆಗೆ ಸಾಮಾನ್ಯವಾಗಿ ಹಾಕೋ 18 ಪರ್ಸೆಂಟ್ ಜಿಎಸ್‌ಟಿ, ಎಲ್ಲಾ ಸೇರಿ ಬಿಲ್ಲು ಆಗ್ತದೆ. ಕೊಡೋರ ಕೈಯಿಂದ ಹೋಗೋದು ಒಂದು, ನಮ್ಮ ಹುಡುಗನ ಕೈಗೆ ಬರೋದು ಇನ್ನೊಂದು. ನಡುವೆ ಕೂತೋರು ಬೆರಳು ಅಲ್ಲಾಡಿಸದೆ ತಗೋತಾರೆ.

ತಂಗಿ ಮಗಳು ಅತಿಥಿ ಶಿಕ್ಷಕಿ. ಆ ಹೆಸರು ಯಾರಿಟ್ರೋ ಅವರ ಬಾಯಿಗೆ ಸಕ್ಕರೆ ಹಾಕ್ಬೇಕು. ಅತಿಥಿ ಅಂದ್ರೆ ನಮ್ಮಲ್ಲಿ ಮಣೆ ಹಾಕಿ, ಕಾಲಿಗೆ ನೀರು ಕೊಟ್ಟು, ಹೊಟ್ಟೆ ತುಂಬ ಬಡಿಸ್ತೀವಿ. ಇವಳಿಗೆ ಪ್ರೈಮರಿ ಸ್ಕೂಲಲ್ಲಿ ತಿಂಗಳಿಗೆ ಹತ್ತು ಸಾವಿರ ಇತ್ತು, ಆಮೇಲೆ ಎರಡು ಸಾವಿರ ಏರಿಸಿದ್ರು. ಅದೂ ಹತ್ತೇ ತಿಂಗಳು, ಏಪ್ರಿಲ್ ಮೇ ಸೊನ್ನೆ. ಅದೇ ಸ್ಕೂಲಿಗೆ ಹೊಸದಾಗಿ ಬಂದ ಖಾಯಂ ಮೇಡಮ್ಮಿಗೆ ಮೂಲ ವೇತನವೇ ನಲವತ್ತು ಸಾವಿರದ ಮೇಲೆ. ಬಿಎಡ್ ಇಬ್ಬರದ್ದೂ ಒಂದೇ. ಕನ್ನಡ ವರ್ಣಮಾಲೆ ಅತಿಥಿ ಹೇಳ್ಕೊಟ್ರೆ ನಲವತ್ತೊಂಬತ್ತು ಅಕ್ಷರ, ಖಾಯಂನೋರು ಹೇಳ್ಕೊಟ್ರೆ ಐವತ್ತೊಂದಾ? ಜೂನ್‌ನಲ್ಲಿ ಮತ್ತೆ ಕರೀತಾರೋ ಇಲ್ವೋ ಅಂತ ಮೇ ತಿಂಗಳಿಡೀ ಫೋನ್ ನೋಡ್ಕೊಂಡು ಕೂರ್ತಾಳೆ. ಮದುವೆ ಆದ್ಮೇಲೆ ಬಸುರಿ ಆದ್ಳು, ರಜ ಕೇಳೋದು ಯಾರನ್ನ? ಕಾನೂನಲ್ಲಿ 26 ವಾರ ಹೆರಿಗೆ ರಜ ಐತೆ, 2017ರಿಂದ. ಅತಿಥಿಗೆ ಸಿಕ್ಕಿದ್ದು, "ನೀವು ರೆಸ್ಟ್ ತಗೊಳ್ಳಿ, ನಾವು ಬೇರೆಯೋರ್ನ ನೋಡ್ಕೋತೀವಿ" ಅನ್ನೋ ಒಳ್ಳೇ ಮಾತು.

ನಮ್ಮ ಅಂಗನವಾಡಿ ಅಕ್ಕಂದಿರನ್ನೇ ನೋಡಿ. ಆ ಯೋಜನೆ ಶುರುವಾಗಿದ್ದು 1975ರ ಅಕ್ಟೋಬರ್ 2ಕ್ಕೆ, ನಮ್ಮ ರಾಜ್ಯದಲ್ಲಿ ಮೊದಲು ತಿ. ನರಸೀಪುರದಲ್ಲಿ. ಐವತ್ತು ವರ್ಷ ಆಯ್ತು. ಮೊದಮೊದಲು ಹಿಟ್ಟು ಕಲಸಿ ಕೊಟ್ಟ ಕಾರ್ಯಕರ್ತೆಯರು ಈಗ ಅಜ್ಜಿಯರಾಗಿರ್ತಾರೆ. ಇವತ್ತಿಗೂ ಅದು ಸಂಬಳ ಅಲ್ಲ, "ಗೌರವಧನ". ಗೌರವ ಅಂತ ಸೇರಿಸಿಬಿಟ್ರೆ ಕೇಳೋಕೆ ಬಾಯಿ ಬರಲ್ಲ ಅಂತ ಲೆಕ್ಕ. ಅವರಿಗೂ ಗ್ರಾಚ್ಯುಟಿ ಕಾಯ್ದೆ ಅನ್ವಯ ಆಗ್ತದೆ ಅಂತ ಸುಪ್ರೀಂ ಕೋರ್ಟು 2022ರ ಏಪ್ರಿಲ್‌ನಲ್ಲಿ ಹೇಳಬೇಕಾಯ್ತು. ಆಶಾ ಅಕ್ಕಂದಿರದ್ದೂ ಇದೇ ಪಾಡು. ಮಧ್ಯರಾತ್ರೀಲಿ ಹೆರಿಗೆಗೆ ಜೊತೇಲಿ ಹೋಗೋಕೆ ಅವರು ಬೇಕು, ರಿಜಿಸ್ಟರಲ್ಲಿ ನೌಕರರು ಅಂತ ಬರೆಯೋಕೆ ಬೇಡ.

ನಮ್ಮ ಭಾವನವರು, ಅಂದ್ರೆ ನಮ್ಮಕ್ಕನ ಯಜಮಾನರು, ರಿಟೈರಾಗಿ ಪೆನ್ಷನ್ ತಗೋತಿರೋರು, ಇದಕ್ಕೆ ಒಂದು ಉತ್ತರ ಕೊಡ್ತಾರೆ. "ಪರೀಕ್ಷೆ ಬರೀದೆ ಹಿಂಬಾಗಿಲಲ್ಲಿ ಬಂದೋರ್ನೆಲ್ಲ ಖಾಯಂ ಮಾಡಿದ್ರೆ, ಓದಿ ಕಾಯ್ತಿರೋ ಮಕ್ಕಳ ಗತಿ ಏನಮ್ಮ?" ಇದು ಸುಮ್ಮನೆ ತಳ್ಳಿಹಾಕೋ ಮಾತಲ್ಲ. ಸುಪ್ರೀಂ ಕೋರ್ಟೂ 2006ರ ಏಪ್ರಿಲ್ 10ಕ್ಕೆ ಹೆಚ್ಚುಕಮ್ಮಿ ಇದನ್ನೇ ಹೇಳ್ತು. ಆ ಕೇಸು ನಮ್ಮ ಕರ್ನಾಟಕದ್ದೇ, ಉಮಾದೇವಿ ಕೇಸು ಅಂತ ಇಡೀ ದೇಶಕ್ಕೆ ಗೊತ್ತು. ವಾಣಿಜ್ಯ ತೆರಿಗೆ ಇಲಾಖೇಲಿ 1985-86ರಿಂದ ದಿನಗೂಲಿ ಮೇಲೆ ದುಡಿದೋರು ಖಾಯಂ ಮಾಡಿ ಅಂತ ಕೇಳಿದ್ರು. ಐದು ಜನ ಜಡ್ಜುಗಳು, ಎಲ್ಲರಿಗೂ ಸಮಾನ ಅವಕಾಶ ಕೊಡದೆ ತಗೊಂಡೋರನ್ನ ಹಂಗೇ ಖಾಯಂ ಮಾಡೋಕಾಗಲ್ಲ ಅಂದ್ರು. ಆದ್ರೆ ಅದೇ ತೀರ್ಪಲ್ಲಿ ಇನ್ನೊಂದು ಮಾತೂ ಐತೆ. ಮಂಜೂರಾದ ಹುದ್ದೇಲಿ ಅರ್ಹತೆ ಇದ್ದು, ಕೋರ್ಟಿನ ತಡೆಯಾಜ್ಞೆ ಬಲ ಇಲ್ಲದೆ, ಹತ್ತು ವರ್ಷ ದುಡಿದೋರನ್ನ ಒಂದು ಸಲಕ್ಕೆ ಅಂತ ಖಾಯಂ ಮಾಡೋದನ್ನ ನೋಡಿ, ಖಾಲಿ ಹುದ್ದೆಗೆ ಸರಿಯಾಗಿ ನೇಮಕಾತಿ ಮಾಡಿ, ಅಂತ. ಮೊದಲನೇ ಅರ್ಧ ಎಲ್ಲಾ ಆಫೀಸಿನೋರಿಗೂ ಬಾಯಿಪಾಠ. ಎರಡನೇ ಅರ್ಧ ಯಾರಿಗೂ ಕಾಣಲ್ಲ.

ಭಾವನವರಿಗೆ ನಾನು ಕೇಳಿದ್ದು ಇಷ್ಟೇ: ಹಂಗಾದ್ರೆ ಪರೀಕ್ಷೆ ಮಾಡಿ ಅಂತ ಹೇಳಿ ಭಾವ. ರಾಜ್ಯದಲ್ಲಿ ಎರಡೂವರೆ ಲಕ್ಷಕ್ಕೂ ಮೇಲೆ ಹುದ್ದೆ ಖಾಲಿ ಐತೆ ಅಂತ ಸರ್ಕಾರದೋರೇ ಹೇಳ್ತಾರೆ. ಮುಂಬಾಗಿಲಿಗೆ ಬೀಗ ಹಾಕ್ಕೊಂಡು, ಹಿಂಬಾಗಿಲಲ್ಲಿ ಇವರೇ ಕರ್ಕೊಂಡು, ಹದಿನೈದು ವರ್ಷ ದುಡಿಸ್ಕೊಂಡು, ಆಮೇಲೆ "ನೀನು ಹಿಂಬಾಗಿಲಲ್ಲಿ ಬಂದೋನು" ಅಂದ್ರೆ ಯಾವ ನ್ಯಾಯ? ಓದಿ ಕಾಯ್ತಿರೋ ಮಕ್ಕಳಿಗೆ ಮೋಸ ಮಾಡ್ತಿರೋದು ನನ್ನ ಮಗ ಅಲ್ಲ, ಪರೀಕ್ಷೆ ಕರೀದೆ ಇರೋರು. ಭಾವನವರು ಪೇಪರ್ ಮಡಚಿಟ್ಟು ಕಾಫಿ ಕೇಳಿದ್ರು.

ಸುಪ್ರೀಂ ಕೋರ್ಟೇ ಆಮೇಲೆ ಬೇರೆ ಮಾತೂ ಆಡೈತೆ. 2016ರ ಅಕ್ಟೋಬರ್‌ನಲ್ಲಿ ಪಂಜಾಬಿನ ಜಗಜಿತ್ ಸಿಂಗ್ ಅನ್ನೋರ ಕೇಸಲ್ಲಿ, ಖಾಯಂನೋರು ಮಾಡೋ ಕೆಲಸಾನೇ ತಾತ್ಕಾಲಿಕದೋರೂ ಮಾಡಿದ್ರೆ ಆ ಹುದ್ದೆಯ ಕನಿಷ್ಠ ವೇತನ ಶ್ರೇಣಿ ಅವರಿಗೂ ಸಲ್ಲಬೇಕು ಅಂತು. ಯಾರೂ ಇಷ್ಟಪಟ್ಟು ಕಮ್ಮಿ ಸಂಬಳಕ್ಕೆ ಒಪ್ಪಲ್ಲ, ಮನೆಯೋರ ಹೊಟ್ಟೆಗಾಗಿ ಮಾನ ಬಿಟ್ಟು ಒಪ್ತಾರೆ, ಅನ್ನೋ ಅರ್ಥದ ಮಾತು ಆ ತೀರ್ಪಲ್ಲೈತೆ. ಅದನ್ನ ಮಗ ಓದಿ ಹೇಳಿದಾಗ ನನಗೆ ಕಣ್ಣು ತುಂಬ್ತು. 2024ರ ಡಿಸೆಂಬರ್ 20ಕ್ಕೆ ಬಂದ ಜಗ್ಗೋ ಅನ್ನೋರ ಕೇಸು ಇನ್ನೂ ಹತ್ತಿರದ್ದು. ಕೇಂದ್ರ ಜಲ ಆಯೋಗದ ಆಫೀಸಲ್ಲಿ ಕಸ ಗುಡಿಸ್ಕೊಂಡು, ತೋಟ ನೋಡ್ಕೊಂಡು ಎಷ್ಟೋ ವರ್ಷ ಇದ್ದೋರನ್ನ ಏಕಾಏಕಿ ತೆಗೆದಿದ್ರು. ಅವರನ್ನ ಖಾಯಂ ಮಾಡಿ ಅಂತ ಕೋರ್ಟು ಹೇಳ್ತು, ಉಮಾದೇವಿ ತೀರ್ಪನ್ನ ಬಡವರ ಮೇಲೆ ಆಯುಧ ಮಾಡ್ಕೋಬೇಡಿ ಅನ್ನೋ ಹಂಗೆ ಗದರಿಸ್ತು ಕೂಡ.

ನನಗನ್ಸೋದು, ನಡುವೆ ಏಜೆನ್ಸಿ ತಂದು ಕೂರಿಸೋದು ಇಂಥ ತೀರ್ಪಿನ ಕೈಗೆ ಸಿಗದಂಗೆ ಇರೋಕೇ. ನೇರವಾಗಿ ತಗೊಂಡ್ರೆ ಸಮಾನ ವೇತನ ಕೇಳ್ತಾರೆ. ಏಜೆನ್ಸಿ ಮೂಲಕ ತಗೊಂಡ್ರೆ "ನೀನು ನಮ್ಮೋನೇ ಅಲ್ಲ" ಅನ್ನಬಹುದು.

ಖಾಯಂ ಮಾಡಿದ್ರೆ ಸೋಮಾರಿಗಳಾಗ್ತಾರೆ, ಕಂಟ್ರಾಕ್ಟಲ್ಲಿದ್ರೆ ಭಯ ಇರ್ತದೆ, ಕೆಲಸ ಮಾಡ್ತಾರೆ ಅನ್ನೋರೂ ನಮ್ಮಲ್ಲಿದ್ದಾರೆ. ತಾಲ್ಲೂಕಾಫೀಸಿಗೆ ಆರು ಸಲ ಅಲೆದೋರು ಹಂಗಂದ್ರೆ ಕೋಪ ಅರ್ಥ ಆಗ್ತದೆ. ಕೆಲಸ ಮಾಡದ ಖಾಯಂನೋರ್ನ ಮೇಲಿನೋರು ಕೇಳಬೇಕು, ಅದು ಬೇರೆ ಜಗಳ. ಆದ್ರೆ ಭಯದಲ್ಲಿ ಕೆಲಸ ಚೆನ್ನಾಗಿ ಆಗ್ತದೆ ಅನ್ನೋ ಸೊಸೇರು ಯಾರಾದ್ರೂ ಇದ್ದೀರಾ? ಅತ್ತೆ ಭಯದಲ್ಲಿ ಮಾಡಿದ ಮುದ್ದೆ ಯಾವತ್ತಾದ್ರೂ ಗಂಟಿಲ್ದೆ ಬಂದಿತ್ತಾ? ಭಯದಲ್ಲಿರೋರು ತಪ್ಪು ಕಂಡ್ರೂ ಬಾಯಿ ಬಿಡಲ್ಲ. ಸುಳ್ಳು ಬಿಲ್ಲಿಗೆ ಎಂಟ್ರಿ ಹಾಕು ಅಂದ್ರೆ ಹಾಕ್ತಾರೆ. ಖಾಯಂನೋರು ಆಗಲ್ಲ ಸಾರ್ ಅನ್ನಬಹುದು, ಇವರು ಅನ್ನೋಕಾಗಲ್ಲ.

ದುಡ್ಡಿಲ್ಲ ಅನ್ನೋ ಮಾತಿಗೆ ಬೆಂಗಳೂರಿನ ಪೌರಕಾರ್ಮಿಕ ಅಮ್ಮಂದಿರು ಉತ್ತರ ಕೊಟ್ಟವ್ರೆ. ಅವರೂ ವರ್ಷಗಟ್ಲೆ ಕಂಟ್ರಾಕ್ಟರ್ ಕೈಕೆಳಗೆ ಇದ್ರು. 2017ರಲ್ಲಿ ಕಂಟ್ರಾಕ್ಟರ್‌ನ ತೆಗೆದು ನೇರ ಸಂಬಳ ಕೊಡೋ ತೀರ್ಮಾನ ಆಯ್ತು. ಅಷ್ಟಕ್ಕೇ ಅವರು ಸುಮ್ಮನಾಗಲಿಲ್ಲ. 2022ರ ಜುಲೈ 1ಕ್ಕೆ ಪೊರಕೆ ಕೆಳಗಿಟ್ಟು, ಮಳೇಲಿ ಫ್ರೀಡಂ ಪಾರ್ಕಲ್ಲಿ ಕೂತ್ರು. ನಾಲ್ಕು ದಿನಕ್ಕೆ ಸರ್ಕಾರ ಬರವಣಿಗೇಲಿ ಭರವಸೆ ಕೊಡ್ತು. ಆಮೇಲೂ ಎಳೆದಾಟ ಇದ್ದೇ ಇತ್ತು. 2025ರ ಮೇ 1ಕ್ಕೆ 12 ಸಾವಿರಕ್ಕೂ ಮೇಲೆ ಜನಕ್ಕೆ ಖಾಯಂ ಆದೇಶ ಕೈಗೆ ಬಂತು. ಸಂಬಳ ಎರಡು ಪಾಲು ಆಯ್ತು. ಕೂರೋ ಮೊದಲು ಇಲ್ದಿದ್ದ ದುಡ್ಡು ಕೂತ ಮೇಲೆ ಎಲ್ಲಿಂದ ಬಂತು? ಅವರಲ್ಲಿ ಬಹಳ ಜನ ಓದು ಬರಹ ಇಲ್ದೋರು. ಪಿಯುಸಿ, ಡಿಗ್ರಿ ಅಂತ ಹೇಳ್ಕೊಳ್ಳೋ ನಾವು ಮಗ ಸಂಬಳ ಕೇಳ್ತೀನಿ ಅಂದ್ರೆ "ಸುಮ್ನಿರಪ್ಪ, ಇರೋದೂ ಹೋಗ್ತದೆ" ಅಂತೀವಿ.

ಖಾಯಂ ಅನ್ನೋ ಹೆಸರು ಒಂದಿದ್ರೆ ಸಾಕಾ ಅಂದ್ರೆ, ಅದೂ ಅಲ್ಲ. ಗಾರ್ಮೆಂಟ್ಸಿಗೆ ವ್ಯಾನಲ್ಲಿ ಹೋಗೋ ನಮ್ಮ ಹೆಣ್ಮಕ್ಕಳು ಎಷ್ಟೋ ಜನ ಕಂಪನಿ ರಿಜಿಸ್ಟರಲ್ಲೇ ಇದ್ದಾರೆ. ಆದ್ರೂ ಸಂಬಳ ಕನಿಷ್ಠ ವೇತನದ ಗೆರೆ ಬಿಟ್ಟು ಮೇಲೆ ಏಳಲ್ಲ. ಸರ್ಕಾರಿ ಕೆಲಸದೋರಿಗೂ 2006ರ ಏಪ್ರಿಲ್ 1ರಿಂದ ಈಚೆ ಸೇರಿದ್ರೆ ಹಳೇ ಪಿಂಚಣಿ ಇಲ್ಲ. ಆದ್ರೆ ರಿಜಿಸ್ಟರಲ್ಲಿ ಹೆಸರಿದ್ರೆ, ಪಿಎಫ್ ಇದ್ರೆ, ನಿಂತು ಕೇಳೋಕೆ ಕಾಲಡಿ ನೆಲ ಇರ್ತದೆ. 2016ರಲ್ಲಿ ಮಾಲೀಕರ ಪಾಲಿನ ಪಿಎಫ್‌ನ 58 ವರ್ಷದ ತನಕ ತೆಗೆಯಂಗಿಲ್ಲ ಅಂತ ಕೇಂದ್ರ ಸರ್ಕಾರ ರೂಲ್ಸು ತಂದಾಗ, ಏಪ್ರಿಲ್ 18, 19ನೇ ತಾರೀಕು ಬೆಂಗಳೂರಲ್ಲಿ ಗಾರ್ಮೆಂಟ್ಸ್ ಹೆಂಗಸರು ಸಾವಿರಾರು ಜನ ರಸ್ತೆಗಿಳಿದ್ರು. ಅವರನ್ನ ಕರ್ಕೊಂಡು ಬಂದ ಲೀಡರ್ ಯಾರೂ ಇರ್ಲಿಲ್ಲ. ಎರಡನೇ ದಿನವೇ ದಿಲ್ಲಿಯೋರು ಆ ರೂಲ್ಸು ವಾಪಸ್ ತಗೊಂಡ್ರು.

ಎಲ್ಲರೂ ನಾಳೇನೇ ರಸ್ತೇಲಿ ಕೂರಿ ಅಂತ ನಾನು ಹೇಳ್ತಿಲ್ಲ. ಹಸು ಕರಿಯೋರು ಯಾರು? ಆದ್ರೆ ಮನೇಲಿ ಕೂತು ಮಾಡೋ ಕೆಲಸಾನೂ ಐತೆ. ಮೊದಲನೇದಾಗಿ, ಕಂಟ್ರಾಕ್ಟ್ ಕೆಲಸ ಕೊಡಿಸ್ತೀನಿ ಅಂತ ಲಕ್ಷ, ಎರಡು ಲಕ್ಷ ಕೇಳೋ ಬ್ರೋಕರ್‌ಗಳಿಗೆ ಬಾಗಿಲಲ್ಲೇ ಮಂಗಳಾರತಿ ಎತ್ತಿ. ತಿಂಗಳಿಗೆ ಹದಿನಾಲ್ಕು ಸಾವಿರದ ಕೆಲಸಕ್ಕೆ ಎರಡು ಲಕ್ಷ ಕೊಟ್ರೆ, ಒಂದು ವರ್ಷಕ್ಕೂ ಮೇಲೆ ಪುಕ್ಕಟೆ ದುಡಿದಂಗಾಯ್ತು, ಅಷ್ಟರೊಳಗೆ ಟೆಂಡರ್ರೇ ಬದಲಾಗಿರ್ತದೆ. ಆ ದುಡ್ಡಲ್ಲಿ ಎರಡು ಹಸು ತಗೊಳ್ಳಿ, ಡೈರಿಗೆ ಹಾಲು ಹಾಕಿ.

ಕೆಲಸದಲ್ಲಿ ಈಗಾಗ್ಲೇ ಇರೋ ಮಕ್ಕಳ ಸಂಬಳದ ಚೀಟಿ ಕೇಳಿ ಇಸ್ಕೊಳ್ಳಿ. "ಕೊಡಲ್ಲಮ್ಮ" ಅಂದ್ರೆ ಅಲ್ಲೇನೋ ಐತೆ ಅಂತ ತಿಳ್ಕೊಳ್ಳಿ. ಉಮಂಗ್ ಅಂತ ಸರ್ಕಾರದ ಆ್ಯಪ್ ಐತೆ, ಅದರಲ್ಲಿ ಯುಎಎನ್ ನಂಬರ್ ಹಾಕಿದ್ರೆ ಯಾವ ತಿಂಗಳದ್ದು ಪಿಎಫ್ ಕಟ್ಟವ್ರೆ, ಯಾವುದು ಕಟ್ಟಿಲ್ಲ ಅಂತ ಕಾಣ್ತದೆ. ಏಜೆನ್ಸಿ ಬದಲಾದಾಗ ಹೊಸಾ ಯುಎಎನ್ ಮಾಡಿಸೋಕೆ ಬಿಡಬೇಡಿ, ಹಳೇದನ್ನೇ ಮುಂದುವರಿಸಿ ಅಂತ ಹಟ ಹಿಡೀರಿ. ಪಿಎಫ್ ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು, ನಂಬರ್ ಚೂರು ಚೂರಾದ್ರೆ ಆ ಹತ್ತು ವರ್ಷ ಜೋಡಿಸೋದು ಕಷ್ಟ. ಇಎಸ್‌ಐ ಕಾರ್ಡು ಇದ್ರೆ, ಕಂತು ಸರಿಯಾಗಿ ಬಿದ್ದಿದ್ರೆ, ಬಸುರಿ ಹೆಣ್ಮಕ್ಕಳಿಗೆ 26 ವಾರದ ದುಡ್ಡು ಬರ್ತದೆ. ಅದಕ್ಕೆ ಹಿಂದಿನ ಎರಡು ಕಂತಿನ ಅವಧೀಲಿ ಒಟ್ಟು 70 ದಿನದ ಕಂತು ಕಟ್ಟಿರಬೇಕು. ನಮ್ಮ ಬೀದಿ ಹುಡುಗಿಯೊಬ್ಬಳಿಗೆ ಹಿಂಗೊಂದು ಐತೆ ಅಂತಾನೇ ಗೊತ್ತಿರ್ಲಿಲ್ಲ, ಏಳನೇ ತಿಂಗಳಲ್ಲಿ ಕೆಲಸ ಬಿಟ್ಟು ಬಂದುಬಿಟ್ಟಿದ್ಲು.

ಇನ್ನು ಹೆಣ್ಣು ಕೊಡೋ ವಿಚಾರ. "ಪರ್ಮನೆಂಟಾ?" ಅಂತ ಕೇಳಿ ಮುಖ ತಿರುಗಿಸೋ ಅಮ್ಮಂದಿರಿಗೆ ನಾನು ಹೇಳೋದು, ಹುಡುಗನ್ನ ಕೇಳೋ ಆ ಪ್ರಶ್ನೇನ ಓಟು ಕೇಳೋಕೆ ಬರೋರಿಗೂ ಕೇಳಿ. ಗ್ರಾಮಸಭೆಗೆ ಬಂದೋರಿಗೆ ಕೇಳಿ, ಮನೆ ಬಾಗಿಲಿಗೆ ಪಾಂಪ್ಲೆಟ್ ಹಿಡ್ಕೊಂಡು ಬಂದೋರಿಗೆ ಕೇಳಿ: ನಮ್ಮ ಸ್ಕೂಲಲ್ಲಿ ಎಷ್ಟು ಜನ ಖಾಯಂ, ಎಷ್ಟು ಜನ ಅತಿಥಿ? ನಮ್ಮ ಆಸ್ಪತ್ರೇಲಿ ನರ್ಸಮ್ಮ ಯಾರ ನೌಕರರು? ಅವರಿಗೆ ಎಷ್ಟು ತಿಂಗಳದ ಸಂಬಳ ಬಾಕಿ? ಹೆಂಗಸರು ಗೇಣಿಯುದ್ದದ ಪಟ್ಟಿ ಹಿಡ್ಕೊಂಡು ನಿಂತ್ರೆ ಎಂಥೋರೂ ಒಂದು ಗಳಿಗೆ ತಬ್ಬಿಬ್ಬಾಗ್ತಾರೆ. ಹೋದ ಸಲ ನಾವು ನಾಲ್ಕು ಜನ ಹಂಗೆ ಕೇಳಿದ್ವಿ, ಬಂದೋರು ವಾಚ್ ನೋಡ್ಕೊಂಡ್ರು.

ಚೀಟಿ ಓದೋಕೆ, ಉಮಂಗಲ್ಲಿ ನೋಡೋಕೆ ಬರಲ್ಲ ಅನ್ನೋರು ಮಕ್ಕಳ ಫೋನು, ಯುಎಎನ್ ನಂಬರು ತಗೊಂಡು ನಮ್ಮನೆಗೆ ಬನ್ನಿ. ಸೊಸೆ ದಸರಾ ರಜಕ್ಕೆ ಬಂದಿರ್ತಾಳೆ, ಅವಳು ಚೆನ್ನಾಗಿ ನೋಡ್ಕೊಡ್ತಾಳೆ. ಸಾಯಂಕಾಲ ಹಾಲು ಕರೆಯೋ ಹೊತ್ತು ಬಿಟ್ಟು ಯಾವಾಗ ಬಂದ್ರೂ ಆಯ್ತು.